ತಾಯಂದಿರ ಸಾವಿನ ಪರಿಶೀಲನೆ: ವರದಿಯಿಂದ ಕ್ರಮದವರೆಗಿನ ದಾರಿ

(ಸಾರ್ವಜನಿಕ ಉಪನ್ಯಾಸವೊಂದರ ಪರಿಷ್ಕೃತ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

2024ರ ನವೆಂಬರ್ 9ರಿಂದ 11ರವರೆಗಿನ ಮೂರು ದಿನಗಳಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ 34 ಸಿಸೇರಿಯನ್ ಹೆರಿಗೆಗಳು ನಡೆದವು. ಆ ಬಾಣಂತಿಯರಲ್ಲಿ ಏಳು ಮಂದಿಗೆ ಮೂತ್ರಪಿಂಡದ ವೈಫಲ್ಯವೂ ಸೇರಿದಂತೆ ಹಲವು ಅಂಗಗಳ ತೊಂದರೆ ಕಾಣಿಸಿಕೊಂಡಿತು. ಮುಂದಿನ ವಾರಗಳಲ್ಲಿ ಅವರಲ್ಲಿ ಐವರು ತೀರಿಕೊಂಡರು. ಅನುಮಾನ ಹೋದದ್ದು ಅವರಿಗೆ ಡ್ರಿಪ್ ಮೂಲಕ ಕೊಟ್ಟಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಅದೇ ತಯಾರಕರಿಂದ ಬಂದಿದ್ದ ಕೆಲವು ಬ್ಯಾಚುಗಳನ್ನು ರಾಜ್ಯದ ಪ್ರಯೋಗಾಲಯ ಈ ಮೊದಲೇ ಗುಣಮಟ್ಟಕ್ಕಿಂತ ಕೆಳಗಿನವು ಎಂದು ಹೇಳಿತ್ತು, ಕೇಂದ್ರದ ಪ್ರಯೋಗಾಲಯ ಅದಕ್ಕೆ ವ್ಯತಿರಿಕ್ತವಾದ ಅಭಿಪ್ರಾಯ ಕೊಟ್ಟಿತ್ತು ಎಂಬುದು ಆಮೇಲೆ ಬಹಿರಂಗವಾಯಿತು. ಸರ್ಕಾರ ಆ ದ್ರಾವಣದ ಬಳಕೆಯನ್ನು ನಿಲ್ಲಿಸಿತು, ಅಧಿಕಾರಿಗಳ ಅಮಾನತಾಯಿತು, ಕುಟುಂಬಗಳಿಗೆ ಪರಿಹಾರ ಘೋಷಣೆಯಾಯಿತು. ಇವೆಲ್ಲವನ್ನೂ ನೀವು ಪತ್ರಿಕೆಗಳಲ್ಲಿ ಓದಿದ್ದೀರಿ.

ಈ ಪ್ರಕರಣವನ್ನು ನಾನು ಮೊದಲಿಗೆ ಎತ್ತಿಕೊಳ್ಳಲು ಕಾರಣ ಬೇರೆ. ಆ ಐದು ಸಾವುಗಳಲ್ಲಿ ಯಾವುದೇ ಒಂದನ್ನು ಪ್ರತ್ಯೇಕವಾಗಿ ಕೈಗೆತ್ತಿಕೊಂಡು ನೋಡಿದ್ದರೆ ಕಡತದಲ್ಲಿ ‘ಶಸ್ತ್ರಚಿಕಿತ್ಸೆಯ ನಂತರದ ಬಹು ಅಂಗಾಂಗ ವೈಫಲ್ಯ’ ಎಂಬ ಒಂದು ಸಾಲು ಉಳಿಯುತ್ತಿತ್ತು. ಹೆರಿಗೆ ಮಾಡಿಸಿದ ವೈದ್ಯರನ್ನೋ ಆ ರಾತ್ರಿ ಪಾಳಿಯಲ್ಲಿದ್ದ ಶುಶ್ರೂಷಕಿಯನ್ನೋ ಕರೆದು ವಿಚಾರಿಸಲಾಗುತ್ತಿತ್ತು, ಅಲ್ಲಿಗೆ ಕಡತ ಮುಚ್ಚುತ್ತಿತ್ತು. ಒಂದೇ ಕಡೆ, ಕೆಲವೇ ದಿನಗಳ ಅಂತರದಲ್ಲಿ, ಒಂದೇ ಬಗೆಯ ತೊಂದರೆ ಏಳು ಮಂದಿಗೆ ಬಂದದ್ದರಿಂದ ಮಾತ್ರ ಪ್ರಶ್ನೆ ಶಸ್ತ್ರಚಿಕಿತ್ಸೆಯ ಕೊಠಡಿಯನ್ನು ದಾಟಿ ಔಷಧ ಉಗ್ರಾಣದವರೆಗೆ, ಅಲ್ಲಿಂದ ಪ್ರಯೋಗಾಲಯ ಮತ್ತು ಖರೀದಿ ವ್ಯವಸ್ಥೆಯವರೆಗೆ ಹೋಯಿತು. ಅಂಥದೇ ದೋಷ ಐದು ಜಿಲ್ಲೆಗಳಲ್ಲಿ ಒಂದೊಂದರಂತೆ ಹಂಚಿಹೋಗಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ. ತಾಯಂದಿರ ಸಾವನ್ನು ಪತ್ತೆಹಚ್ಚಿ ಪರಿಶೀಲಿಸುವ ಸರ್ಕಾರಿ ವ್ಯವಸ್ಥೆಯೊಂದು ನಮ್ಮಲ್ಲಿ ಹದಿನೈದು ವರ್ಷಗಳಿಂದ ಇದೆ. ಅದು ಎಷ್ಟು ದೂರ ನೋಡುತ್ತದೆ ಮತ್ತು ಎಲ್ಲಿ ನಿಂತುಬಿಡುತ್ತದೆ ಎಂಬುದೇ ಇಂದಿನ ವಿಷಯ.

ಮೊದಲಿಗೆ ಯಾವುದನ್ನು ಎಣಿಸುತ್ತೇವೆ ಎಂಬುದನ್ನು ಸ್ಪಷ್ಟಮಾಡಿಕೊಳ್ಳಬೇಕು. ಗರ್ಭಿಣಿಯಾಗಿರುವಾಗ, ಅಥವಾ ಹೆರಿಗೆಯೋ ಗರ್ಭಪಾತವೋ ಆಗಿ ಗರ್ಭ ಕೊನೆಗೊಂಡ 42 ದಿನಗಳೊಳಗೆ, ಗರ್ಭಧಾರಣೆಯಿಂದ ಅಥವಾ ಅದಕ್ಕಾಗಿ ನೀಡಿದ ಚಿಕಿತ್ಸೆಯಿಂದ ಉಂಟಾದ ಇಲ್ಲವೇ ಉಲ್ಬಣಿಸಿದ ಕಾರಣದಿಂದ ಮಹಿಳೆ ಮೃತಪಟ್ಟರೆ ಅದು ತಾಯಿ ಮರಣ. ಅಪಘಾತದಂಥ ಸಂಬಂಧವಿಲ್ಲದ ಕಾರಣಗಳು ಇದರಲ್ಲಿ ಸೇರುವುದಿಲ್ಲ. ಆತ್ಮಹತ್ಯೆಯನ್ನು ಹೀಗೆಯೇ ಹೊರಗಿಡುವ ರೂಢಿ ಬಹುಕಾಲ ಇತ್ತು. ಆದರೆ ಗರ್ಭಿಣಿಯ ಅಥವಾ ಬಾಣಂತಿಯ ಆತ್ಮಹತ್ಯೆಯನ್ನು ನೇರ ತಾಯಿ ಮರಣವೆಂದೇ ಪರಿಗಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2012ರ ವರ್ಗೀಕರಣದಲ್ಲಿ ಸೂಚಿಸಿತು. ನಮ್ಮ ಊರುಗಳಲ್ಲಿ ಬಾಣಂತಿ ಬಾವಿಗೆ ಬಿದ್ದು ಸತ್ತರೆ ಅದು ಪೊಲೀಸ್ ಠಾಣೆಯ ಕಡತವಾಗುತ್ತದೆಯೇ ಹೊರತು ಆರೋಗ್ಯ ಇಲಾಖೆಯ ಕಡತವಾಗುವುದು ಈಗಲೂ ಅಪರೂಪ.

ಒಂದು ಲಕ್ಷ ಜೀವಂತ ಜನನಗಳಿಗೆ ಎಷ್ಟು ತಾಯಂದಿರು ಸಾಯುತ್ತಾರೆ ಎಂಬುದು ತಾಯಿ ಮರಣ ಪ್ರಮಾಣ. ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ 2004–06ರ ಅವಧಿಯಲ್ಲಿ ಭಾರತದ ಪ್ರಮಾಣ 254, ಕರ್ನಾಟಕದ್ದು 213. 2018–20ರ ಹೊತ್ತಿಗೆ ದೇಶದ್ದು 97ಕ್ಕೆ, ನಮ್ಮದು 69ಕ್ಕೆ ಇಳಿಯಿತು. ಅದರ ಮರುವರ್ಷದ ಲೆಕ್ಕದಲ್ಲಿ ಕರ್ನಾಟಕದ ಪ್ರಮಾಣ 63. 2030ರೊಳಗೆ 70ಕ್ಕಿಂತ ಕೆಳಗೆ ಬರಬೇಕೆಂಬ ಜಾಗತಿಕ ಗುರಿಯನ್ನು ರಾಜ್ಯ ಮುಂಚಿತವಾಗಿಯೇ ಮುಟ್ಟಿತು ಎಂದು ಹೇಳಿಕೊಳ್ಳಬಹುದು, ಸರ್ಕಾರಗಳು ಹೇಳಿಕೊಂಡೂ ಇವೆ. ಆದರೆ 2018–20ರ ಅದೇ ಪಟ್ಟಿಯಲ್ಲಿ ಕೇರಳ 19, ತೆಲಂಗಾಣ 43, ಆಂಧ್ರಪ್ರದೇಶ 45, ತಮಿಳುನಾಡು 54. ದಕ್ಷಿಣದ ಐದು ರಾಜ್ಯಗಳಲ್ಲಿ ನಾವು ಕೊನೆಯವರು. ಉತ್ತರದ ರಾಜ್ಯಗಳ ಜೊತೆ ಹೋಲಿಸಿಕೊಂಡು ಸಮಾಧಾನಪಡುವ ಅಭ್ಯಾಸವನ್ನು ಬಿಟ್ಟು ಪಕ್ಕದ ಮನೆಯತ್ತ ನೋಡಿದರೆ ಪ್ರಶ್ನೆ ಹೆಚ್ಚು ಉಪಯುಕ್ತವಾಗುತ್ತದೆ.

ಈ ಇಳಿಕೆಗೆ ಕಾರಣವಾದ ಯೋಜನೆಗಳ ಪಟ್ಟಿ ಉದ್ದವಿದೆ, ನಿಮಗೆ ಪರಿಚಿತವೂ ಹೌದು. ಆಸ್ಪತ್ರೆ ಹೆರಿಗೆಗೆ ಧನಸಹಾಯ ನೀಡುವ ಜನನಿ ಸುರಕ್ಷಾ ಯೋಜನೆ 2005ರಲ್ಲಿ ಬಂತು, 108 ಆಂಬುಲೆನ್ಸಿನ ಆರೋಗ್ಯ ಕವಚ 2008ರಲ್ಲಿ, ಉಚಿತ ಹೆರಿಗೆ ಮತ್ತು ಔಷಧದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಲ್ಲಿ, ಪ್ರತಿ ತಿಂಗಳ 9ರಂದು ಗರ್ಭಿಣಿಯರ ತಪಾಸಣೆ ನಡೆಸುವ ಮಾತೃತ್ವ ಅಭಿಯಾನ 2016ರಲ್ಲಿ, ಹೆರಿಗೆ ಕೋಣೆಗಳ ಗುಣಮಟ್ಟಕ್ಕಾಗಿ ‘ಲಕ್ಷ್ಯ’ ಮತ್ತು ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ಕೊಡುವ ಮಾತೃಪೂರ್ಣ ಎರಡೂ 2017ರಲ್ಲಿ ಬಂದವು. ಇವುಗಳ ಒಟ್ಟು ಫಲವಾಗಿ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೂರನೆಯ ಸುತ್ತಿನಲ್ಲಿ ಸುಮಾರು ಶೇ 65ರಷ್ಟಿದ್ದ ಕರ್ನಾಟಕದ ಆಸ್ಪತ್ರೆ ಹೆರಿಗೆಗಳು 2019–21ರ ಐದನೆಯ ಸುತ್ತಿನಲ್ಲಿ ಶೇ 97ಕ್ಕೆ ಏರಿದವು. ಅಂದರೆ ಮನೆಯಲ್ಲಿ ಹೆರಿಗೆಯಾಗಿ ಸೂಲಗಿತ್ತಿಯ ಕೈಯಲ್ಲಿ ಬಾಣಂತಿ ಸತ್ತಳು ಎಂಬ ಹಳೆಯ ಚಿತ್ರ ಇಂದಿನ ಸಾವುಗಳನ್ನು ವಿವರಿಸುವುದಿಲ್ಲ. ಇಂದು ಸಾಯುವ ತಾಯಿ ಬಹುತೇಕ ಒಂದಲ್ಲ ಒಂದು ಆಸ್ಪತ್ರೆಯ ಬಾಗಿಲನ್ನು ದಾಟಿದವಳೇ ಆಗಿರುತ್ತಾಳೆ. ಹಾಗಾಗಿ ವಿಚಾರಿಸಬೇಕಾದದ್ದು ಆಸ್ಪತ್ರೆಗೆ ಬಂದ ಮೇಲೆ ಏನಾಯಿತು, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವ ನಡುವೆ ಏನಾಯಿತು ಎಂಬುದನ್ನು.

ಅದನ್ನು ವಿಚಾರಿಸಲೆಂದೇ 2010ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ತಾಯಿ ಮರಣ ಪರಿಶೀಲನೆಯ ಮಾರ್ಗಸೂಚಿಯನ್ನು ಹೊರಡಿಸಿತು. ಇಲಾಖೆಯವರು ಇದನ್ನು ಸಾಮಾನ್ಯವಾಗಿ ‘ಡೆತ್ ಆಡಿಟ್’ ಎನ್ನುತ್ತಾರೆ. 2017ರಲ್ಲಿ ಅದನ್ನು ಪರಿಷ್ಕರಿಸಿ ‘ನಿಗಾವಣೆ ಮತ್ತು ಸ್ಪಂದನೆ’ ಎಂಬ ಹೆಸರು ಕೊಡಲಾಯಿತು. ಸಾವಿನ ಕಾರಣವನ್ನು ಬರೆದಿಟ್ಟರೆ ಸಾಲದು, ಅದಕ್ಕೆ ತಕ್ಕ ಕ್ರಮ ಆಗಿದೆಯೇ ಎಂಬುದನ್ನೂ ಬೆನ್ನುಹತ್ತಬೇಕು ಎಂಬುದು ಈ ಪರಿಷ್ಕರಣೆಯ ಉದ್ದೇಶ.

ಕೆಲಸದ ಕ್ರಮ ಹೀಗಿದೆ. ಊರಿನಲ್ಲಿ 15ರಿಂದ 49 ವರ್ಷದೊಳಗಿನ ಯಾವುದೇ ಹೆಣ್ಣುಮಗಳು ಯಾವುದೇ ಕಾರಣದಿಂದ ಸತ್ತರೂ ಆಶಾ ಕಾರ್ಯಕರ್ತೆ 24 ಗಂಟೆಗಳೊಳಗೆ ಅದನ್ನು ತಿಳಿಸಬೇಕು. ‘ಗರ್ಭಿಣಿ ಸತ್ತರೆ ತಿಳಿಸಿ’ ಎಂದು ಕೇಳದೆ ಎಲ್ಲ ಸಾವುಗಳನ್ನೂ ಕೇಳುವುದರ ಹಿಂದೆ ಜಾಣತನವಿದೆ: ಎರಡು ತಿಂಗಳ ಬಸಿರು ಎಷ್ಟೋ ಮನೆಗಳಲ್ಲಿ ಹೊರಗಿನವರಿಗೆ ತಿಳಿದಿರುವುದಿಲ್ಲ, ಮದುವೆಯಾಗದ ಹುಡುಗಿಯ ಗರ್ಭಪಾತವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸಾವು ತಾಯಿ ಮರಣವಿರಬಹುದು ಎನ್ನಿಸಿದರೆ ವೈದ್ಯಾಧಿಕಾರಿಯ ತಂಡ ಮನೆಗೆ ಹೋಗಿ ಮನೆಯವರಿಂದ ಘಟನೆಯ ಪೂರ್ಣ ವಿವರವನ್ನು ಪಡೆಯುತ್ತದೆ. ಸಾವು ಆಸ್ಪತ್ರೆಯಲ್ಲಿ ಸಂಭವಿಸಿದ್ದರೆ ಅಲ್ಲಿನ ನೋಡಲ್ ಅಧಿಕಾರಿ ಬೇರೊಂದು ನಮೂನೆಯಲ್ಲಿ ಚಿಕಿತ್ಸೆಯ ವಿವರವನ್ನು ದಾಖಲಿಸುತ್ತಾರೆ. ಎರಡೂ ಜಿಲ್ಲಾ ಮಟ್ಟದ ಸಮಿತಿಗೆ ಬರುತ್ತವೆ. ಆಮೇಲೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಆಯ್ದ ಪ್ರಕರಣಗಳ ವಿಮರ್ಶೆ ನಡೆಯುತ್ತದೆ. ಈ ಸಭೆಗೆ ಮೃತಳ ಸಂಬಂಧಿಕರಿಬ್ಬರನ್ನು ಕರೆಸಿ ಅವರ ಮಾತನ್ನು ಕೇಳಬೇಕು ಎಂಬ ನಿಯಮವಿದೆ. ಸರ್ಕಾರಿ ಮಾರ್ಗಸೂಚಿಯೊಂದರಲ್ಲಿ ಇಂಥ ನಿಯಮ ಇರುವುದೇ ದೊಡ್ಡದು ಎಂದು ನಾನು ತಿಳಿದಿದ್ದೇನೆ. ಮಗಳನ್ನು ಕಳೆದುಕೊಂಡ ತಾಯಿ ಜಿಲ್ಲಾಧಿಕಾರಿಯ ಎದುರು ಕುಳಿತು, ಯಾವ ಆಸ್ಪತ್ರೆಯಲ್ಲಿ ಎಷ್ಟು ಹೊತ್ತು ಕಾಯಬೇಕಾಯಿತು ಎಂದು ಹೇಳಿದಾಗ ಬರುವ ಮಾಹಿತಿ ಯಾವ ನಮೂನೆಯಲ್ಲೂ ಬರುವುದಿಲ್ಲ.

ಎಣಿಕೆ ಎಷ್ಟರ ಮಟ್ಟಿಗೆ ಸರಿಯಾಗಿದೆ? ಬಳ್ಳಾರಿಯ ಘಟನೆಯ ನಂತರ ರಾಜ್ಯ ಸರ್ಕಾರ 2024ರ ಏಪ್ರಿಲ್ 1ರಿಂದ ಡಿಸೆಂಬರ್ 31ರವರೆಗಿನ ಎಲ್ಲ ತಾಯಿ ಮರಣಗಳನ್ನು ತಜ್ಞರಿಂದ ಪರಿಶೀಲಿಸಿತು. ಒಂಬತ್ತು ತಿಂಗಳಲ್ಲಿ ವರದಿಯಾದ ಸಾವುಗಳು 464. ಕರ್ನಾಟಕದಲ್ಲಿ ವರ್ಷಕ್ಕೆ ಹತ್ತು ಲಕ್ಷದ ಆಸುಪಾಸಿನಲ್ಲಿ ಜನನಗಳಾಗುತ್ತವೆ. ಸಮೀಕ್ಷೆಯ ಪ್ರಮಾಣವನ್ನು ಇದಕ್ಕೆ ಅನ್ವಯಿಸಿದರೆ ವರ್ಷಕ್ಕೆ ಸುಮಾರು ಆರು ನೂರು ಸಾವುಗಳನ್ನು ನಿರೀಕ್ಷಿಸಬೇಕು. ಒಂಬತ್ತು ತಿಂಗಳಿಗೆ 464 ಎಂದರೆ ವರ್ಷದ ಲೆಕ್ಕದಲ್ಲಿ ಬರುವುದೂ ಹೆಚ್ಚುಕಡಿಮೆ ಅಷ್ಟೇ. ಇದು ಒರಟು ಲೆಕ್ಕವೇ ಆದರೂ ಒಂದು ಸಂಗತಿಯನ್ನು ಹೇಳುತ್ತದೆ: ಸಾವುಗಳನ್ನು ಪತ್ತೆಹಚ್ಚುವ ಕೆಲಸವನ್ನು ನಮ್ಮ ಆಶಾ ಕಾರ್ಯಕರ್ತೆಯರೂ ಆಸ್ಪತ್ರೆಗಳೂ ಬಹುಮಟ್ಟಿಗೆ ಮಾಡುತ್ತಿದ್ದಾರೆ. ಹಲವು ರಾಜ್ಯಗಳಲ್ಲಿ ವರದಿಯಾಗುವ ಸಂಖ್ಯೆ ನಿರೀಕ್ಷಿತ ಸಂಖ್ಯೆಗಿಂತ ಬಹಳ ಕಡಿಮೆ ಇರುವಾಗ ಇದನ್ನು ಗುರುತಿಸದೆ ಮುಂದೆ ಹೋಗುವುದು ನ್ಯಾಯವಲ್ಲ.

ಅದೇ ಪರಿಶೀಲನೆ ಹೇಳಿದ ಎರಡನೆಯ ಸಂಗತಿ ಹೆಚ್ಚು ಕಹಿಯಾದದ್ದು. ಆ ಸಾವುಗಳಲ್ಲಿ ಶೇ 70ಕ್ಕೂ ಹೆಚ್ಚಿನವು ತಪ್ಪಿಸಬಹುದಾಗಿದ್ದವು. ರಿಂಗರ್ ಲ್ಯಾಕ್ಟೇಟ್ ದ್ರಾವಣದೊಂದಿಗೆ ಸಂಬಂಧ ಕಂಡುಬಂದದ್ದು 18 ಸಾವುಗಳಲ್ಲಿ. ಬಳ್ಳಾರಿಯ ಐದು ಎಲ್ಲರಿಗೂ ಗೊತ್ತಿತ್ತು. ಉಳಿದವು ಹಿಂದಿರುಗಿ ನೋಡಿದಾಗ ಮಾತ್ರ ಕಂಡವು. ಪ್ರತಿ ಜಿಲ್ಲೆಯಲ್ಲೂ ಪರಿಶೀಲನಾ ಸಮಿತಿ ಇದ್ದ ರಾಜ್ಯದಲ್ಲಿ, ಒಂದೇ ಎಳೆ ಹಲವು ಸಾವುಗಳ ನಡುವೆ ಹಾದುಹೋಗಿದ್ದರೂ ಆಯಾ ಸಮಯದಲ್ಲಿ ಅದು ಕಾಣಲಿಲ್ಲ. ಕಾರಣ ಸರಳ: ಪ್ರತಿ ಸಮಿತಿ ತನ್ನ ಮುಂದಿನ ಕಡತವನ್ನು ಮಾತ್ರ ನೋಡುತ್ತದೆ. ನಮೂನೆಯಲ್ಲಿ ಯಾವ ಔಷಧ ಕೊಟ್ಟರು ಎಂದು ಬರೆಯಬಹುದು. ಅದರ ಬ್ಯಾಚ್ ಸಂಖ್ಯೆಯನ್ನು ಜಿಲ್ಲೆಗಳ ಗಡಿ ದಾಟಿ ತಾಳೆ ನೋಡುವ ವ್ಯವಸ್ಥೆ ಇರಲಿಲ್ಲ. ಔಷಧ ನಿಯಂತ್ರಣ ಒಂದು ಕಚೇರಿ, ಔಷಧ ಸರಬರಾಜು ಇನ್ನೊಂದು, ತಾಯಿ ಆರೋಗ್ಯ ಮತ್ತೊಂದು.

ಈ ಹಂತದಲ್ಲಿ, ಕಾರಣ ಎಂದು ನಾವು ಯಾವುದನ್ನು ಕರೆಯುತ್ತೇವೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಕಲ್ಪಿತ ಪ್ರಕರಣವೊಂದನ್ನು ತೆಗೆದುಕೊಳ್ಳಿ. ರಾಯಚೂರು ಕಡೆಯ ಇಪ್ಪತ್ತೊಂದು ವರ್ಷದ ಹೆಣ್ಣುಮಗಳು, ಎರಡನೆಯ ಹೆರಿಗೆ. ಐದನೆಯ ತಿಂಗಳಲ್ಲಿ ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 7 ಎಂದು ಬರೆದಿದ್ದಾರೆ. ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಹೊಟ್ಟೆ ಕೆಡುತ್ತದೆ ಎಂದು ಅವಳು ನುಂಗಲಿಲ್ಲ, ಯಾರೂ ಮತ್ತೆ ಕೇಳಲಿಲ್ಲ. ಆರನೆಯ ತಿಂಗಳಲ್ಲಿ ಕುಟುಂಬ ಬೆಂಗಳೂರಿಗೆ ಗುಳೆ ಹೋಯಿತು. ಕಟ್ಟಡ ಕೆಲಸದ ಶೆಡ್ಡಿನಲ್ಲಿ ಮೂರು ತಿಂಗಳು. ಆ ಅವಧಿಯಲ್ಲಿ ತಾಯಿ ಕಾರ್ಡಿನಲ್ಲಿ ಒಂದು ಅಕ್ಷರವೂ ಬೀಳಲಿಲ್ಲ. ದಿನ ತುಂಬಿದಾಗ ಊರಿಗೆ ಮರಳಿದಳು, ಸಮುದಾಯ ಆರೋಗ್ಯ ಕೇಂದ್ರದಲ್ಲಿ ಹೆರಿಗೆಯಾಯಿತು, ರಕ್ತಸ್ರಾವ ನಿಲ್ಲಲಿಲ್ಲ. ಅಲ್ಲಿ ರಕ್ತ ಇರಲಿಲ್ಲ. ತಾಲ್ಲೂಕು ಆಸ್ಪತ್ರೆಗೆ ರೆಫರ್ ಮಾಡಿದರು. ಅಲ್ಲಿ ರಕ್ತ ಸಂಗ್ರಹ ಘಟಕದ ಬೀಗ ತೆಗೆಯುವ ತಂತ್ರಜ್ಞರು ರಾತ್ರಿ ಪಾಳಿಯಲ್ಲಿ ಇರಲಿಲ್ಲ. ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ದಾರಿಯಲ್ಲಿ ತೀರಿಕೊಂಡಳು.

ಈ ಸಾವಿನ ವೈದ್ಯಕೀಯ ಕಾರಣ ‘ಹೆರಿಗೆಯ ನಂತರದ ರಕ್ತಸ್ರಾವ’. ಆ ಮಾತು ನಿಜ. ಆದರೆ ಅದರಿಂದ ಮುಂದಿನ ಹೆಣ್ಣುಮಗಳಿಗೆ ಯಾವ ಉಪಯೋಗವೂ ಇಲ್ಲ. ಆಸ್ಪತ್ರೆಗೆ ಹೋಗುವ ನಿರ್ಧಾರದಲ್ಲಿ, ಆಸ್ಪತ್ರೆ ತಲುಪುವುದರಲ್ಲಿ, ತಲುಪಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ ಆಗುವ ಮೂರು ವಿಳಂಬಗಳನ್ನು ಕುರಿತು ಸಾರ್ವಜನಿಕ ಆರೋಗ್ಯ ಕ್ಷೇತ್ರದಲ್ಲಿ 1990ರ ದಶಕದಿಂದ ಚರ್ಚೆ ಇದೆ, ನಮ್ಮ ನಮೂನೆಗಳೂ ಇವನ್ನು ಕೇಳುತ್ತವೆ. ನನ್ನ ಆಕ್ಷೇಪವೆಂದರೆ, ನಮೂನೆ ತುಂಬುವವರು ಹೆಚ್ಚಾಗಿ ಮೊದಲ ವಿಳಂಬದ ಎದುರು ಗುರುತು ಹಾಕಿ ನಿಲ್ಲುತ್ತಾರೆ. ‘ರೋಗಿ ತಡವಾಗಿ ಬಂದರು’, ‘ಮನೆಯವರು ನಿರ್ಲಕ್ಷ್ಯ ಮಾಡಿದರು’ ಎಂದು ಬರೆಯುವುದಕ್ಕೆ ಖರ್ಚಿಲ್ಲ, ಯಾರ ಮೇಲೂ ಕ್ರಮವಿಲ್ಲ. ರಾತ್ರಿ ಪಾಳಿಗೆ ತಂತ್ರಜ್ಞರ ಹುದ್ದೆ ಖಾಲಿ ಇದೆ ಎಂದು ಬರೆದರೆ ಅದು ಬರೆದವರ ಮೇಲಧಿಕಾರಿಯನ್ನೇ ಪ್ರಶ್ನಿಸಿದಂತಾಗುತ್ತದೆ. ಕೊಪ್ಪಳ ಜಿಲ್ಲೆಯ ತಾಯಿ ಮರಣಗಳನ್ನು ಅಧ್ಯಯನ ಮಾಡಿದ ಸಂಶೋಧಕರು ಒಂದೇ ಸಾವಿನ ಬಗ್ಗೆ ಮನೆಯವರು ಹೇಳುವುದನ್ನೂ ಆರೋಗ್ಯ ಸಿಬ್ಬಂದಿ ಹೇಳುವುದನ್ನೂ ಬೇರೆಬೇರೆಯಾಗಿ ಸಂಗ್ರಹಿಸಿ ಪಕ್ಕಪಕ್ಕದಲ್ಲಿಟ್ಟು ನೋಡುವ ವಿಧಾನವನ್ನು ಬಳಸಿದರು. ಎರಡು ಕಥನಗಳು ಎಲ್ಲಿ ಹೊಂದುವುದಿಲ್ಲವೋ ಅಲ್ಲಿಯೇ ಹೆಚ್ಚು ಹುಡುಕಬೇಕು ಎಂಬುದು ಅದರಿಂದ ಕಲಿಯಬೇಕಾದದ್ದು.

ಕಲ್ಪಿತ ಪ್ರಕರಣದಲ್ಲಿ ಗುಳೆಯನ್ನು ತಂದದ್ದು ಸುಮ್ಮನೆ ಅಲ್ಲ. ಗರ್ಭಿಣಿಯರ ಮೇಲೆ ನಿಗಾ ಇಡುವ ನಮ್ಮ ವ್ಯವಸ್ಥೆ, ತಾಯಿ ಕಾರ್ಡಿರಲಿ, ಆರ್‌ಸಿಎಚ್ ಪೋರ್ಟಲ್ ಎಂಬ ಗರ್ಭಿಣಿಯರ ಸರ್ಕಾರಿ ನೋಂದಣಿ ಜಾಲತಾಣ ಇರಲಿ, ಹೆಣ್ಣುಮಗಳು ಒಂದು ಉಪಕೇಂದ್ರದ ವ್ಯಾಪ್ತಿಯಲ್ಲಿ ಒಂಬತ್ತು ತಿಂಗಳೂ ಇರುತ್ತಾಳೆ ಎಂಬ ನಂಬಿಕೆಯ ಮೇಲೆ ನಿಂತಿದೆ. ನಮ್ಮ ಬದುಕು ಹಾಗಿಲ್ಲ. ಗುಳೆಯ ಮಾತಿರಲಿ, ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿ ಇಡೀ ನಾಡಿನಲ್ಲಿದೆ. ಗಂಡನ ಊರಿನ ಆಶಾ ಕಾರ್ಯಕರ್ತೆ ಏಳು ತಿಂಗಳು ನೋಡಿಕೊಂಡ ಗರ್ಭಿಣಿ, ಸೀಮಂತ ಮುಗಿಸಿ ಇನ್ನೊಂದು ಜಿಲ್ಲೆಗೆ, ಕೆಲವೊಮ್ಮೆ ಸೊಲ್ಲಾಪುರಕ್ಕೋ ಅನಂತಪುರಕ್ಕೋ ಹೋಗುತ್ತಾಳೆ. ಅಪಾಯ ಹೆಚ್ಚುವ ಕೊನೆಯ ಎರಡು ತಿಂಗಳೇ ಕೈತಪ್ಪುತ್ತವೆ. ಸಾವು ಸಂಭವಿಸಿದರೆ ಗಂಡನ ಊರಿನ ಜಿಲ್ಲೆ ‘ನಮ್ಮಲ್ಲಿ ಸತ್ತಿಲ್ಲ’ ಎನ್ನುತ್ತದೆ, ತವರಿನ ಜಿಲ್ಲೆ ‘ನಮ್ಮಲ್ಲಿ ನೋಂದಣಿಯಾದವಳಲ್ಲ’ ಎನ್ನುತ್ತದೆ. ‘ತವರಿಗೆ ಯಾವಾಗ ಹೋಗುತ್ತೀ ತಾಯಿ, ಆ ಊರಿನ ಹೆಸರೇನು?’ ಎಂದು ಐದನೆಯ ತಿಂಗಳಲ್ಲೇ ಕೇಳಿ, ಅಲ್ಲಿನ ಆಶಾ ಕಾರ್ಯಕರ್ತೆಗೆ ಫೋನಿನಲ್ಲಿ ಹೇಳಿಡುವವರು ಇದ್ದಾರೆ. ಅದು ಅವರ ಕಾಳಜಿಯಿಂದ ನಡೆಯುವ ಕೆಲಸ. ಪೋರ್ಟಲ್ಲೇ ಅದನ್ನು ಕೇಳಿ, ಆ ಊರಿನ ಪಟ್ಟಿಗೆ ಹೆಸರನ್ನು ತಾನೇ ದಾಟಿಸಬೇಕು.

ರಕ್ತಹೀನತೆಯ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. 2019–21ರ ಸಮೀಕ್ಷೆಯಂತೆ ಕರ್ನಾಟಕದ ಗರ್ಭಿಣಿಯರಲ್ಲಿ ಶೇ 45.7ರಷ್ಟು ಮಂದಿಗೆ ರಕ್ತಹೀನತೆ ಇದೆ. ಮೈಯಲ್ಲಿ ರಕ್ತ ತುಂಬಿರುವ ಹೆಣ್ಣುಮಗಳು ಹೆರಿಗೆಯಲ್ಲಿ ಒಂದು ಲೀಟರ್ ರಕ್ತ ಹೋದರೂ ಚಿಕಿತ್ಸೆ ಸಿಗುವ ತನಕ ತಡೆದುಕೊಂಡಾಳು. ಹಿಮೋಗ್ಲೋಬಿನ್ 7 ಇರುವವಳಿಗೆ ಅರ್ಧ ಲೀಟರೇ ಮಾರಕವಾಗಬಹುದು. ಆದ್ದರಿಂದ ಕೊನೆಯ ರಾತ್ರಿಯ ಸಾವಿನ ಬೇರು ಎಷ್ಟೋ ಸಲ ಐದನೆಯ ತಿಂಗಳಿನಲ್ಲಿರುತ್ತದೆ, ಪರಿಶೀಲನೆ ಅಲ್ಲಿಯವರೆಗೆ ಹೋಗಬೇಕು.

ರಕ್ತಸ್ರಾವದ ವಿಷಯ ಬಂದಾಗ ನಮ್ಮ ಬೆಳಗಾವಿಯನ್ನು ನೆನೆಯದಿದ್ದರೆ ಆಗದು. ಇಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಂಡ ಅಮೆರಿಕದ ಸಂಶೋಧಕರ ಜೊತೆಗೂಡಿ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆರಿಗೆಗಳ ಮೇಲೆ ಅಧ್ಯಯನ ನಡೆಸಿ 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿತು. ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದಿಗೆ ತಂಪಿನ ವ್ಯವಸ್ಥೆ ಬೇಕು; ಅದಿಲ್ಲದ ಕಡೆ, ಹೆರಿಗೆಯಾದ ಕೂಡಲೇ ಎಎನ್‌ಎಂಗಳು (ಉಪಕೇಂದ್ರದ ಆರೋಗ್ಯ ಸಹಾಯಕಿಯರು) ಅದೇ ಕೆಲಸ ಮಾಡುವ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟರೆ ಏನಾಗುತ್ತದೆ ಎಂಬುದು ಪ್ರಶ್ನೆ. ಮಾತ್ರೆ ಪಡೆಯದವರಲ್ಲಿ ಶೇ 12ರಷ್ಟಿದ್ದ ಅತಿ ರಕ್ತಸ್ರಾವ ಪಡೆದವರಲ್ಲಿ ಶೇ 6.4ಕ್ಕೆ ಇಳಿಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉದ್ದೇಶಕ್ಕಾಗಿ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಅದಕ್ಕಿಂತಲೂ ನನಗೆ ಮುಖ್ಯವೆನಿಸುವುದು ಆ ಅಧ್ಯಯನಕ್ಕಾಗಿ ರೂಪಿಸಿದ ಒಂದು ಸಾಧನ. ಹೆರಿಗೆಯಾದವಳ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ, ಅದರ ತುದಿಯಲ್ಲಿ ಅಳತೆಯ ಗೆರೆಗಳಿರುವ ಚೀಲ. ರಕ್ತ ಎಷ್ಟು ಹೋಯಿತು ಎಂಬುದು ಗೆರೆಯಲ್ಲಿ ಕಾಣುತ್ತದೆ. ಕಣ್ಣಂದಾಜಿನಲ್ಲಿ ಹೇಳಿದ ಪ್ರಮಾಣವನ್ನು ಇದರ ಅಳತೆಯೊಂದಿಗೆ ಹೋಲಿಸಿದಾಗ ಕಣ್ಣಂದಾಜು ಶೇ 33ರಷ್ಟು ಕಡಿಮೆ ಇತ್ತು. ಅನುಭವಿ ಕಣ್ಣುಗಳು ಕೂಡ ಮೂರರಲ್ಲಿ ಒಂದು ಭಾಗ ರಕ್ತವನ್ನು ಕಾಣದೆ ಬಿಡುತ್ತಿದ್ದವು ಎಂದು ಅರ್ಥ.

2023ರಲ್ಲಿ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಮತ್ತು ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ನಡೆದ ‘ಇ-ಮೋಟಿವ್’ ಅಧ್ಯಯನ ಪ್ರಕಟವಾಯಿತು. ಇಂಥದೇ ಅಳತೆಯ ಹಾಳೆಯಿಂದ ರಕ್ತಸ್ರಾವವನ್ನು ಬೇಗ ಗುರುತಿಸಿ, ಗರ್ಭಕೋಶ ತಿಕ್ಕುವುದು, ಆಕ್ಸಿಟೋಸಿನ್, ರಕ್ತ ಹೆಪ್ಪುಗಟ್ಟಲು ನೆರವಾಗುವ ಟ್ರಾನೆಕ್ಸಾಮಿಕ್ ಆಮ್ಲ, ಡ್ರಿಪ್ ಮತ್ತು ತಪಾಸಣೆ ಇವೆಲ್ಲವನ್ನೂ ಒಂದಾದ ಮೇಲೊಂದರಂತೆ ಅಲ್ಲದೆ ಒಟ್ಟಿಗೇ ಆರಂಭಿಸಿದಾಗ ತೀವ್ರ ರಕ್ತಸ್ರಾವ ಮತ್ತು ಅದರ ಗಂಭೀರ ಪರಿಣಾಮಗಳು ಶೇ 60ರಷ್ಟು ಕಡಿಮೆಯಾದವು. ಇಲ್ಲಿ ಯಾವುದೂ ಹೊಸ ಔಷಧವಲ್ಲ. ಬೆಳಗಾವಿಯಲ್ಲಿ ಹುಟ್ಟಿದ ಹಾಳೆ ಕರ್ನಾಟಕದ ಪ್ರತಿ ಹೆರಿಗೆ ಮೇಜಿನ ಮೇಲೆ ಇದೆಯೇ ಎಂದು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಒಮ್ಮೆ ವಿಚಾರಿಸಿ ನೋಡಿ.

ಇನ್ನು ದೂಷಣೆಯ ಪ್ರಶ್ನೆ. ಪರಿಶೀಲನೆಯ ಮಾರ್ಗಸೂಚಿಯ ಮೂಲ ತತ್ವ ‘ಹೆಸರು ಬೇಡ, ದೂಷಣೆ ಬೇಡ’ ಎಂಬುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1952ರಿಂದ ನಡೆದುಬಂದ ಗೋಪ್ಯ ವಿಚಾರಣೆ ಇದಕ್ಕೆ ಮಾದರಿ. ಅಲ್ಲಿ ಮೃತಳ, ಆಸ್ಪತ್ರೆಯ, ವೈದ್ಯರ ಹೆಸರುಗಳನ್ನೆಲ್ಲ ತೆಗೆದುಹಾಕಿ ತಜ್ಞರು ಪ್ರಕರಣವನ್ನು ಓದುತ್ತಾರೆ, ನಿಯತಕಾಲಿಕವಾಗಿ ಸಾರ್ವಜನಿಕ ವರದಿ ಹೊರಬರುತ್ತದೆ. ಕೇರಳದಲ್ಲಿ 2004ರಿಂದ ಪ್ರಸೂತಿ ತಜ್ಞರ ಒಕ್ಕೂಟವೇ ಸರ್ಕಾರದ ಸಮ್ಮತಿಯೊಂದಿಗೆ ಇಂಥ ಗೋಪ್ಯ ಪರಿಶೀಲನೆಯನ್ನು ನಡೆಸುತ್ತಿದೆ. ರಕ್ತಸ್ರಾವ ಮತ್ತು ಏರಿದ ರಕ್ತದೊತ್ತಡ ಅಲ್ಲಿ ಮುಖ್ಯ ಕಾರಣಗಳೆಂದು ಕಂಡ ಮೇಲೆ ಆ ಎರಡಕ್ಕೇ ಚಿಕಿತ್ಸಾ ಮಾನದಂಡಗಳನ್ನು ಬರೆದು ಆಸ್ಪತ್ರೆಗಳಲ್ಲಿ ಜಾರಿಗೆ ತಂದರು. ಖಾಸಗಿ ಆಸ್ಪತ್ರೆಗಳೂ ಅದರಲ್ಲಿ ಸೇರಿದ್ದವು ಎಂಬುದನ್ನು ಗಮನಿಸಬೇಕು. ನಮ್ಮಲ್ಲಿ ಖಾಸಗಿ ಆಸ್ಪತ್ರೆಗಳು ಪರಿಸ್ಥಿತಿ ಕೈಮೀರಿದಾಗ ರೋಗಿಯನ್ನು ಸರ್ಕಾರಿ ಆಸ್ಪತ್ರೆಗೆ ದಾಟಿಸುವುದೂ, ಸಾವು ಸರ್ಕಾರಿ ಆಸ್ಪತ್ರೆಯ ಲೆಕ್ಕಕ್ಕೆ ಬೀಳುವುದೂ ಹೊಸದೇನಲ್ಲ.

‘ದೂಷಣೆ ಬೇಡ’ ಎಂದರೆ ತಪ್ಪಿತಸ್ಥರನ್ನು ಕಾಪಾಡುವುದಲ್ಲವೇ ಎಂದು ನೀವು ಕೇಳಬಹುದು. ಮಗಳನ್ನು ಕಳೆದುಕೊಂಡವರು ಹಾಗೆ ಕೇಳುವುದು ಸಹಜ, ಅವರಿಗೆ ಆ ಹಕ್ಕಿದೆ. ಉದ್ದೇಶಪೂರ್ವಕ ನಿರ್ಲಕ್ಷ್ಯಕ್ಕೆ, ಲಂಚಕ್ಕಾಗಿ ಚಿಕಿತ್ಸೆಯನ್ನು ತಡೆದದ್ದಕ್ಕೆ ಕಾನೂನು ಬೇರೆ ಇದೆ, ಅದು ತನ್ನ ಕೆಲಸ ಮಾಡಲಿ. ಪರಿಶೀಲನೆಯ ಸಭೆಯನ್ನೇ ಶಿಕ್ಷೆಯ ಸಭೆಯನ್ನಾಗಿ ಮಾಡಿದರೆ ಮುಂದಿನ ಸಲ ಕೇಸ್ ಶೀಟ್ ತಿದ್ದಲ್ಪಡುತ್ತದೆ, ಸಮಯಗಳು ಬದಲಾಗುತ್ತವೆ, ಗಂಭೀರ ಸ್ಥಿತಿಯ ರೋಗಿಯನ್ನು ಮುಟ್ಟದೆ ಮುಂದಿನ ಆಸ್ಪತ್ರೆಗೆ ಕಳಿಸುವುದು ಹೆಚ್ಚುತ್ತದೆ. ನಮ್ಮಲ್ಲಿ ಸಾವಾದ ಬೆನ್ನಿಗೇ ಯಾರನ್ನಾದರೂ ಅಮಾನತು ಮಾಡುವುದು ಸಾರ್ವಜನಿಕ ಆಕ್ರೋಶಕ್ಕೆ ಸುಲಭವಾದ ಉತ್ತರ. ಹಾಗೆ ಅಮಾನತಾಗುವವರು ಹೆಚ್ಚಾಗಿ ಸರಪಳಿಯ ಕೊನೆಯ ಕೊಂಡಿಯಲ್ಲಿ ನಿಂತವರು. ಎರಡು ವರ್ಷದಿಂದ ಅರಿವಳಿಕೆ ತಜ್ಞರ ಹುದ್ದೆಯನ್ನು ತುಂಬದವರು ಯಾರು ಎಂಬ ಪ್ರಶ್ನೆ ಅಲ್ಲಿಗೆ ಸಾಯುತ್ತದೆ. ವ್ಯಕ್ತಿಗೆ ರಕ್ಷಣೆ, ವ್ಯವಸ್ಥೆಗೆ ಬಹಿರಂಗ ಹೊಣೆ ಎಂಬ ಎರಡನ್ನೂ ಒಟ್ಟಿಗೆ ಹಿಡಿದಾಗ ಮಾತ್ರ ಗೋಪ್ಯತೆಗೆ ಅರ್ಥವಿದೆ. ನಮ್ಮಲ್ಲಿ ಗೋಪ್ಯತೆಯನ್ನು ಮಾತ್ರ ಉಳಿಸಿಕೊಂಡು, ಕಲಿತದ್ದೇನು ಎಂಬ ವಾರ್ಷಿಕ ಸಾರ್ವಜನಿಕ ವರದಿಯನ್ನು ಕೈಬಿಟ್ಟಂತಿದೆ.

ಕೊನೆಯದಾಗಿ, ಸಾಯದೆ ಉಳಿದವರ ಬಗ್ಗೆ. ಒಂದು ತಾಯಿ ಸಾಯುವಲ್ಲಿ ಸಾವಿನ ಅಂಚಿಗೆ ಹೋಗಿ ಮರಳಿದವರು ಹಲವರಿರುತ್ತಾರೆ: ಗರ್ಭಕೋಶ ತೆಗೆದವರು, ಡಯಾಲಿಸಿಸ್ ಆದವರು, ಫಿಟ್ಸ್ ಬಂದು ದಿನಗಟ್ಟಲೆ ಐಸಿಯುನಲ್ಲಿ ಮಲಗಿದ್ದವರು. ಬಳ್ಳಾರಿಯ ಆ ಏಳರಲ್ಲಿ ಬದುಕಿದ ಇಬ್ಬರೂ ಈ ಸಾಲಿಗೆ ಸೇರುತ್ತಾರೆ. ಇಂಥ ಪ್ರಕರಣಗಳ ಪರಿಶೀಲನೆಗೆ 2014ರಲ್ಲಿಯೇ ಕೇಂದ್ರದ ಮಾರ್ಗಸೂಚಿ ಬಂದಿದೆ, ವೈದ್ಯಕೀಯ ಕಾಲೇಜುಗಳಲ್ಲಿ ಅದನ್ನು ಆರಂಭಿಸಬೇಕೆಂಬ ಸೂಚನೆ ಇದೆ. ಸಾವಿನ ಪ್ರಮಾಣ ಇಳಿದಂತೆಲ್ಲ ಒಂದು ಜಿಲ್ಲೆಯಲ್ಲಿ ವರ್ಷಕ್ಕೆ ಹತ್ತೋ ಹದಿನೈದೋ ಪ್ರಕರಣಗಳು ಉಳಿಯುತ್ತವೆ. ಅಷ್ಟರಿಂದ ಯಾವ ವಿನ್ಯಾಸವೂ ಕಾಣುವುದಿಲ್ಲ. ಪಾರಾದವರ ಸಂಖ್ಯೆ ದೊಡ್ಡದು, ಅವರು ತಮಗೇನಾಯಿತು ಎಂದು ತಾವೇ ಹೇಳಬಲ್ಲರು, ಸಿಬ್ಬಂದಿಯೂ ಹೆದರದೆ ಮಾತನಾಡುತ್ತಾರೆ. ಕೆಟ್ಟ ಬ್ಯಾಚಿನ ದ್ರಾವಣವೋ ಕೆಲಸ ಮಾಡದ ಆಕ್ಸಿಟೋಸಿನ್ನೋ ಮೊದಲು ಸುಳಿವು ಕೊಡುವುದು ಇವರಲ್ಲಿ.

ಜಿಲ್ಲಾಧಿಕಾರಿಯ ಸಭೆಯಲ್ಲಿ ಪ್ರತಿ ತಿಂಗಳೂ ಹೊಸ ಕಡತ ತೆರೆಯುವ ಮೊದಲು ಹಿಂದಿನ ಸಭೆಯ ನಡಾವಳಿಯನ್ನು ಓದಬೇಕು. ರಕ್ತ ಸಂಗ್ರಹ ಘಟಕಕ್ಕೆ ರಾತ್ರಿ ಪಾಳಿಯ ತಂತ್ರಜ್ಞರನ್ನು ನೇಮಿಸಬೇಕು ಎಂದು ಬರೆದಿದ್ದರೆ, ನೇಮಕವಾಯಿತೇ, ಆಗದಿದ್ದರೆ ಯಾವ ಕಚೇರಿಯಲ್ಲಿ ನಿಂತಿದೆ, ಎಂದಿನೊಳಗೆ ಆಗುತ್ತದೆ ಎಂಬುದನ್ನು ಹೆಸರು ಮತ್ತು ದಿನಾಂಕ ಸಹಿತ ದಾಖಲಿಸಬೇಕು. ಆ ಪುಟವನ್ನು, ಮೃತಳ ಗುರುತಿನ ವಿವರಗಳನ್ನು ತೆಗೆದು, ಜಿಲ್ಲಾ ಪಂಚಾಯಿತಿಯ ಸೂಚನಾ ಫಲಕದಲ್ಲಿ ಹಾಕಬಹುದು. ಇದಕ್ಕೆ ಹೊಸ ಯೋಜನೆಯಾಗಲಿ ಹೊಸ ಪೋರ್ಟಲ್ ಆಗಲಿ ಬೇಕಾಗಿಲ್ಲ. 2017ರ ಮಾರ್ಗಸೂಚಿಯ ಹೆಸರಿನಲ್ಲೇ ‘ಸ್ಪಂದನೆ’ ಇದೆ, ಅದನ್ನು ಕೇಳುವ ಅಧಿಕಾರ ಆ ಸಭೆಗೆ ಈಗಾಗಲೇ ಇದೆ.